ನೀರು ಯಾವ ಪುಟದಲ್ಲಿದೆ?

ಐರಿನ್ ಕಣ್ಣಿಗೆ ಸುಡುವ ಕಾಸ್ಟಿಕ್ ಸೋಡಾ ಸಿಡಿದಾಗ ಕಣ್ಣು ತೊಳೆಯುವ ಬಾಟಲಿ ನಮ್ಮ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಗಾಜಿನ ಬೀರುವಿನೊಳಗೆ. ಬೀರುವಿಗೆ ಬೀಗ. ಬೀಗದ ಕೀ ನಮ್ಮ ಸೇಫ್ಟಿ ಮ್ಯಾನೇಜರ್ ರಘುನಂದನ್ ಅವರ ಜೇಬಿನಲ್ಲಿ. ರಘುನಂದನ್ ನೈರೋಬಿ ಪೇಟೆಯ ನಡುವೆ, ಸಿಬಿಡಿಯ ಟ್ರಾಫಿಕ್ ಜಾಮ್‌ನಲ್ಲಿ, ಮಟಾಟು ವ್ಯಾನುಗಳ ಮಧ್ಯೆ.

ಊರಂಚಿನ ಎಂಬಕಸಿಯ ಒಂದು ಡಿಟರ್ಜೆಂಟ್ ಫ್ಯಾಕ್ಟರಿಯಲ್ಲಿ ನಾನು ಪರ್ಚೇಸ್ ನೋಡಿಕೊಳ್ಳುತ್ತೇನೆಂದು ನಿಮಗೆ ಗೊತ್ತು. (ಸೋಪಿನ ಪುಡಿಯ ಬಗ್ಗೆ ಬರೆದು ಬರೆದು ನಿಮ್ಮ ತಲೆ ತಿಂದಿದ್ದೇನೆ.) ಐರಿನ್ ನಮ್ಮ ಲ್ಯಾಬ್ ಕೆಮಿಸ್ಟ್, ಮಂಗಳೂರಿನವಳು. ಗಾಜಿನ ಫ್ಲಾಸ್ಕಿನಲ್ಲಿ ಬಣ್ಣ ತಿರುಗುವ ಆ ಒಂದು ಕ್ಷಣವನ್ನು ಕಣ್ಣಲ್ಲೇ ಹಿಡಿಯುವುದು ಅವಳ ಕೆಲಸ. ಅವತ್ತು ಪ್ಲಾಂಟ್‌ನಲ್ಲಿ ಸ್ಯಾಂಪಲ್ ತೆಗೆಯುವಾಗ ಪೈಪಿನ ಜಾಯಿಂಟ್ ಬಿಟ್ಟುಕೊಂಡಿತು. ಕಾಸ್ಟಿಕ್ ಅವಳ ಗಾಗಲ್ಸ್ ಸಂದಿಯಿಂದ ಎಡಗಣ್ಣಿಗೆ ಹೋಯಿತು. ಯಾವುದೋ ಬಿಲ್ ವಿಷಯ ಕೇಳಲು ಹೋಗಿದ್ದ ನಾನು ಪಕ್ಕದಲ್ಲೇ ಇದ್ದೆ.

ನಲ್ಲಿ ತಿರುಗಿಸಿದೆವು. ನೀರಿಲ್ಲ. (ನೈರೋಬಿಯಲ್ಲಿ ಅದೇನು ಹೊಸದಲ್ಲ.) ಬೀರುವಿನ ಹತ್ತಿರ ಓಡಿದೆವು. ಎಲ್ಲರೂ ಸರದಿಯಂತೆ ಹಿಡಿಕೆ ಎಳೆದೆವು, ನನ್ನ ಕೈಗಾದರೂ ತೆರೆದೀತು ಎಂಬಂತೆ.

"ಗಾಜು ಒಡೆಯೋಣ್ವಾ?" ಅಂದೆ.

"ಸರ್‌ನ ಒಂದ್ಮಾತು ಕೇಳ್ಬಿಡೋಣ ಮೇಡಂ," ಅಂದರು ಪ್ರೊಡಕ್ಷನ್‌ನವರೊಬ್ಬರು. ಕಂಪನಿಯ ಆಸ್ತಿ ನೋಡಿ!

ಫೋನ್ ಹೋಯಿತು. ಸ್ಪೀಕರ್‌ನಲ್ಲಿ ರಘುನಂದನ್ ಸ್ವರ, ಹಿಂದೆ ಹಾರ್ನ್. "ಗಾಬರಿ ಆಗ್ಬೇಡಿ. ಎಲ್ಲಾ ಫೈಲಲ್ಲಿದೆ. ಕೆಮಿಕಲ್ ಸ್ಪ್ಲಾಶ್ ಅಂತ ಸೆಕ್ಷನ್ ಇದೆ, ತೆಗೆದು ಸ್ಟೆಪ್ ಬೈ ಸ್ಟೆಪ್ ಫಾಲೋ ಮಾಡಿ."

ಫೈಲೂ ಅದೇ ಬೀರುವಿನಲ್ಲಿತ್ತು.

ಐರಿನ್ ಕಣ್ಣು ಮುಚ್ಚಿಕೊಂಡು "ಉದಾಕ್, ಉದಾಕ್" ಅನ್ನುತ್ತಿದ್ದಳು. ಕೊಂಕಣಿಯಲ್ಲಿ ನೀರು. ಅಷ್ಟರಲ್ಲಿ ಶಿಫ್ಟ್ ಸೂಪರ್‌ವೈಸರ್ ವಾಂಜಿರು "ಮಾಜಿ! ಮಾಜಿ!" ಎಂದು ಕೂಗಿದಳು. (ಸ್ವಾಹಿಲಿಯಲ್ಲಿ ಮಾಜಿ ಎಂದರೆ ನೀರು. ನಮ್ಮ ಮಾಜಿ ಮಂತ್ರಿಗಳು ಬೇಸರಿಸಬಾರದು.) ನಾನೂ ಅವಳೂ ಸೇರಿ ಆಫೀಸಿನ ಕುಡಿಯುವ ನೀರಿನ ಕ್ಯಾನ್ ಕಿತ್ತು ತಂದೆವು. ಐರಿನ್‌ಳನ್ನು ನೆಲದ ಮೇಲೆ ಮಲಗಿಸಿ, ರೆಪ್ಪೆ ಬಿಡಿಸಿ ಸುರಿದೆವು. ಅದು ಖಾಲಿಯಾಯಿತು, ಇನ್ನೊಂದು ತಂದೆವು. ಆಸ್ಪತ್ರೆಯ ಬಾಗಿಲವರೆಗೂ ಕಾರಿನಲ್ಲಿ ಸುರಿಯುತ್ತಲೇ ಹೋದೆವು.

ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ. "ಸಿಡಿದ ಮೇಲೆ ನೀರು ಹಾಕೋಕೆ ಎಷ್ಟು ಹೊತ್ತಾಯ್ತು?"

ರಘುನಂದನ್ ಕೆಟ್ಟವರಲ್ಲ. ಮೈಸೂರಿನ ಮನುಷ್ಯ, ಶಿಸ್ತಿನವರು. ಅವರ ಕಾರಿನ ಸೀಟಿನ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿಲ್ಲ. ನಮ್ಮಲ್ಲಿ ಯಾರ ಮನೆಯಲ್ಲಿ ಶೋಕೇಸಿನ ಒಳ್ಳೆಯ ಲೋಟಗಳು ನೆಂಟರು ಬರದೆ ಹೊರಗೆ ಬರುತ್ತವೆ ಹೇಳಿ? ಫ್ಯಾಕ್ಟರಿಯ ನೆಂಟರೆಂದರೆ ಆಡಿಟರ್. ಬಾಟಲಿಯ ಸೀಲ್ ಒಡೆದರೆ ಅವನು ಪ್ರಶ್ನೆ ಕೇಳುತ್ತಾನೆ, ಫೈಲಿನ ಮೂಲೆ ಮಡಚಿದರೆ ಮುಖ ಗಂಟಿಕ್ಕುತ್ತಾನೆ. ಹಾಗಾಗಿ ಎರಡನ್ನೂ ಎತ್ತಿಟ್ಟಿದ್ದರು. ಕಳೆದ ಆಡಿಟ್‌ನಲ್ಲಿ ಆ ಬೀರುವಿಗೆ ಹೊಗಳಿಕೆಯೂ ಸಿಕ್ಕಿತ್ತು.

ಸುರಕ್ಷತೆಯ ಕಾಗದಗಳನ್ನು ನಾವು ಯಾರಿಗಾಗಿ ಬರೆಯುತ್ತೇವೆ? ಪೆಟ್ಟಾದವರಿಗೋ, ಪೆಟ್ಟಾದ ಮೇಲೆ ವಿಚಾರಣೆಗೆ ಬರುವವರಿಗೋ? ನಮ್ಮ ಫೈಲ್ ಎರಡನೆಯವರಿಗೆ ಬರೆದದ್ದು. ಅದರಲ್ಲಿ ಎಲ್ಲವೂ ಇದೆ ಎಂದು ತೋರಿಸಬಹುದು, ಬೇಕಾದದ್ದನ್ನು ಹುಡುಕಲು ಮಾತ್ರ ಆಗುವುದಿಲ್ಲ. ನಾನೂ ಆಮೇಲೆ ಓದಿ ನೋಡಿದೆ. "ಬಾಧಿತ ವ್ಯಕ್ತಿಯು ನಿಗದಿತ ಸ್ಥಳಕ್ಕೆ ತೆರಳತಕ್ಕದ್ದು" ಎಂದು ಇಂಗ್ಲಿಷಿನಲ್ಲಿ ಗಂಭೀರವಾಗಿ ಬರೆದಿದೆ. ಕಣ್ಣು ಉರಿಯುವವಳು ಇದನ್ನು ಓದಬೇಕಂತೆ!

ಈಗ ಬೀರು ಇಲ್ಲ. ಬಾಟಲಿಗಳು ಗೋಡೆಯ ಮೇಲೆ ಬಯಲಲ್ಲಿವೆ, ಪಕ್ಕದಲ್ಲಿ ನೀರು ತುಂಬಿದ ಟ್ಯಾಂಕಿನ ನಲ್ಲಿ. ಮೇಲೆ ಒಂದು ಹಾಳೆ, ದಪ್ಪ ಅಕ್ಷರ, ಮೊದಲು ಸ್ವಾಹಿಲಿ, ಕೆಳಗೆ ಇಂಗ್ಲಿಷ್. ನೀರು ಇಲ್ಲಿದೆ. ಪೆಟ್ಟಾದವರ ಕಣ್ಣು ಬಿಡಿಸಿ ತೊಳೆಯಿರಿ. ಆಸ್ಪತ್ರೆ ತಲುಪುವವರೆಗೂ ನಿಲ್ಲಿಸಬೇಡಿ. ಅಷ್ಟೇ. ಮೂಲೆಯಲ್ಲಿ ರಘುನಂದನ್ ಚಿಕ್ಕದಾಗಿ ಡಾಕ್ಯುಮೆಂಟ್ ನಂಬರ್ ಹಾಕಿಕೊಂಡಿದ್ದಾರೆ. ಇರಲಿ ಬಿಡಿ, ಅವರಿಗೂ ನಿದ್ದೆ ಬರಬೇಕಲ್ಲ.

ಆದರೆ ಅಷ್ಟು ಚಿಕ್ಕದಾಗಲು ಒಂದು ಮೀಟಿಂಗ್ ಬೇಕಾಯಿತು. ಐರಿನ್ ಕೆಲಸಕ್ಕೆ ವಾಪಸಾದ ವಾರ. ಎಡಗಣ್ಣಿಗೆ ಇನ್ನೂ ಎಲ್ಲವೂ ಹಬೆ ಕಟ್ಟಿದ ಕಿಟಕಿಯಾಚೆ ಇದ್ದಂತೆ ಕಾಣುತ್ತದಂತೆ. ಪೂರ್ತಿ ಸರಿಯಾಗುತ್ತದೆಂದು ಡಾಕ್ಟರ್ ಮಾತು ಕೊಟ್ಟಿಲ್ಲ. ಲ್ಯಾಬಿನ ಫ್ಲಾಸ್ಕ್ ಸದ್ಯ ಬೇರೆಯವರ ಕೈಯಲ್ಲಿದೆ. ಆ ಮೀಟಿಂಗಿನಲ್ಲಿ ಅವಳ ಮುಂದೆ ರಘುನಂದನ್ ಫೈಲಿನ "ಸಿಂಪ್ಲಿಫೈಡ್ ವರ್ಷನ್" ಇಟ್ಟರು. ಪಾಪ, ಮನಸ್ಸಿಟ್ಟು ಮಾಡಿದ್ದರು. ಆದರೆ ಪ್ರೊಡಕ್ಷನ್‌ನವರು ಒಂದು ಪ್ಯಾರಾ ಸೇರಿಸಿ ಎಂದಿದ್ದರು, ಎಚ್‌ಆರ್‌ನವರು ಒಂದು, ವಕೀಲರು ಎರಡು. ಸ್ಟೇಪಲ್ ಮಾಡುವಷ್ಟು ದಪ್ಪವಾಗಿತ್ತು.

ಐರಿನ್ ಅದನ್ನು ಮುಟ್ಟಲಿಲ್ಲ. ಎದ್ದು ರೂಮಿನ ನಡುವೆ ನಿಂತಳು. ಮೂಲೆಯಲ್ಲಿ ನೀರಿನ ಡಿಸ್ಪೆನ್ಸರ್ ಇತ್ತು.

"ಈಗ ನನ್ನ ಕಣ್ಣಿಗೆ ಕಾಸ್ಟಿಕ್ ಬಿದ್ದಿದೆ ಅಂತ ಇಟ್ಟುಕೊಳ್ಳಿ. ನೀವು ಓದಿ ಸರ್, ನೀವು ಹೇಳಿದ ಹಾಗೆ ನಾನು ನಡೀತೇನೆ."

ಎರಡೂ ಕಣ್ಣು ಮುಚ್ಚಿ, ಕೈ ಮುಂದೆ ಚಾಚಿದಳು.

ರಘುನಂದನ್ ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ಉದ್ದೇಶ. ವ್ಯಾಪ್ತಿ. ವ್ಯಾಖ್ಯೆಗಳು. ಐರಿನ್ ನಿಂತೇ ಇದ್ದಳು. ಜವಾಬ್ದಾರಿಗಳು. ಯಾರೂ ನಗಲಿಲ್ಲ. ಹೊರಗೆ ವಿಮಾನವೊಂದು ಇಳಿಯುತ್ತಿತ್ತು, ಅವರು ಆ ಸದ್ದು ಮುಗಿಯುವವರೆಗೆ ಕಾದು ಪುಟ ತಿರುಗಿಸಿದರು.

ಮುಚ್ಚಿದ ಕಣ್ಣಲ್ಲೇ ಐರಿನ್ ಕೇಳಿದಳು: "ಸರ್, ಇನ್ನೊಂದು ಕಣ್ಣೂ ಹೋಯಿತು ಮಾರಾಯ್ರೆ. ಈಗಲಾದ್ರೂ ನೀರು ಎಲ್ಲುಂಟು ಹೇಳ್ತೀರಾ?"