ಗುಡಿಯೊಳಗಿನ ಮನೆ

ನಾನು ಮದುವೆಯಾಗಿ ಬಂದ ಮನೆ ಒಂದು ಹಳೆಯ ಕಲ್ಲಿನ ಗುಡಿಯೊಳಗಿತ್ತು. ಸಂಪಗಾಂವದ ಕಡೆಯ ಆ ಹಳ್ಳಿಯಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ಅದರ ಲಿಂಗವನ್ನು ಯಾವುದೋ ಕಾಲಕ್ಕೆ ಊರ ನಡುವಿನ ಗುಡಿಗೆ ಒಯ್ದಿದ್ದರಂತೆ. ಖಾಲಿ ಉಳಿದ ಮಂಟಪದ ಕಂಬಗಳ ನಡುವೆ ನನ್ನ ಗಂಡನ ಹಿರಿಯರು ಮಣ್ಣಿನ ಗೋಡೆ ಎಬ್ಬಿಸಿ ಸಂಸಾರ ಹೂಡಿದ್ದರು. ಗರ್ಭಗುಡಿಯಲ್ಲಿ ಜೋಳದ ಚೀಲ, ಅದರ ಮಗ್ಗುಲಿಗೆ ಒಲೆ, ದೊಡ್ಡ ಕಂಬದ ಬುಡಕ್ಕೆ ಅತ್ತೆಯ ಹಾಸಿಗೆ. ಮಾವ ತೀರಿಹೋಗಿದ್ದರು. ಗಂಡ ಸೈಕಲ್ ಮೇಲೆ ಬೈಲಹೊಂಗಲದ ಹತ್ತಿ ಬಿಡಿಸುವ ಜಿನ್ನಿಗೆ ಕೆಲಸಕ್ಕೆ ಹೋಗುತ್ತಿದ್ದರು.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ನಮ್ಮೂರಿಗೂ ರಸ್ತೆ ಬಂತು. ಅದರ ಗುತ್ತಿಗೆದಾರ ಗುಡಿಯ ಅರೆ ಕುಸಿದ ಹೊರಗೋಡೆಯ ಕಲ್ಲು ಕಿತ್ತು ಗಾಡಿಗೆ ಹೇರತೊಡಗಿದ. ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು.

"ಇವತ್ತ ಹೊರಗಿಂದು ಒಯ್ಯಾಕ ಹತ್ತೀದಿ. ನಾಳೆ ನಾ ಮಲಗೂ ಜಾಗಾದ್ದೂ ಒಯ್ಯತೀ ಏನು?"

"ಬಿದ್ದ ಕಲ್ಲು ಯಾರದೂ ಅಲ್ಲಬೇ," ಅಂದ ಅವನು.

ಅತ್ತೆ ಸುಮ್ಮನಾಗಲಿಲ್ಲ. ಮಗನ ಬೆನ್ನುಹತ್ತಿ, ಗುಡಿ ಉಳಿಸಿರೆಂದು ಪುರಾತತ್ವ ಇಲಾಖೆಯ ಕಚೇರಿಗೆ ಅರ್ಜಿ ಕೊಡಿಸಿದರು. ಸುಗ್ಗಿ ಮುಗಿದ ಮೇಲೆ ಒಬ್ಬ ಅಧಿಕಾರಿ ಅಳತೆಯ ಟೇಪು, ಕ್ಯಾಮರಾ ಹಿಡಿದು ಬಂದರು. ಬಾಗಿಲ ಪಕ್ಕದಲ್ಲಿದ್ದ ಶಾಸನದ ಕಲ್ಲಿಗೆ ನೀರು ಹಾಕಿ ತಿಕ್ಕಿ ಓದಿದರು. ಮುಂದೆ ನೀಲಿ ಬೋರ್ಡು ಬಂತು, ಸಂರಕ್ಷಿತ ಸ್ಮಾರಕ ಎಂದು. ಕಲ್ಲು ಕೀಳುವುದು ನಿಂತಿತು. ಗುಡಿಯ ಗೋಡೆಗೇ ಹತ್ತಿದ ಪಕ್ಕದ ಮನೆಯವರು ಅಟ್ಟ ಎಬ್ಬಿಸಬೇಕೆಂದಿದ್ದರು, ಅದೂ ನಿಂತಿತು. ಅತ್ತೆ ಅಂದು ಸಿಹಿಗೆಂದು ಮಾದಲಿ ಮಾಡಿಸಿದರು.

ಎರಡನೆಯ ಸಲ ಬಂದಾಗ ಅಧಿಕಾರಿ ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, ಮೆಲ್ಲಗೆ ಹೇಳಿದರು. "ಅಮ್ಮಾ, ಗುಡಿ ಉಳಿಬೇಕಂದ್ರ ಇದರಾಗ ಯಾರೂ ಇರಾಕ ಬರಂಗಿಲ್ರಿ. ಹೊಗಿಗೆ ಕಲ್ಲು ಕೆಡತಾವು. ಊರ ಹೊರಗ ನಿಮಗ ಜಾಗಾ ಕೊಡಸ್ತೇವ್ರಿ."

"ಉಳಸ್ರಿ ಅಂತ ಅರ್ಜಿ ಕೊಟ್ಟಾಕಿ ನಾನರೀ," ಅಂದರು ಅತ್ತೆ.

"ಹೌದ್ರಿ. ಅದಕ್ಕ ಉಳೀತು."

ಅವರು ಕೆಟ್ಟ ಮನುಷ್ಯರಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಟ್ಟಲು ತೊಳೆದಿಟ್ಟೆ.

ಮಳೆಗಾಲಕ್ಕೆ ಮುಂಚೆ ಹೊಸ ಇಟ್ಟಂಗಿ ಮನೆಗೆ ಸಾಮಾನು ಸಾಗಿಸಿದೆವು. ನೆಲದಲ್ಲಿ ಹೂತಿದ್ದ ಒರಳು ಬರಲಿಲ್ಲ, ಅಲ್ಲೇ ಬಿಟ್ಟೆವು. ಕೂಲಿಯವರು ನಮ್ಮ ಮಣ್ಣಿನ ಗೋಡೆಗಳನ್ನು ಕೆಡವಿ, ಮಸಿ ಕೆರೆದು ತೆಗೆಯುವಾಗ ನೋಡಲು ಹೋಗಿದ್ದೆ. ಒಲೆಯ ಹಿಂದಿನ ಗೋಡೆ ಬಿದ್ದಾಗ ಅದರ ಹಿಂದೆ ಕಲ್ಲಿನ ಹೆಂಗಸೊಬ್ಬಳು ಕಂಡಳು, ಕೈಯಲ್ಲಿ ಕನ್ನಡಿ ಹಿಡಿದವಳು. ಮೂಗು ಮಾತ್ರ ಮುಕ್ಕಾಗಿತ್ತು. ಅಷ್ಟು ವರ್ಷ ಅವಳಿಂದ ಒಂದು ಗೇಣು ಈಚೆ ಕೂತು ರೊಟ್ಟಿ ಬಡಿದಿದ್ದೆ. ಕೂಲಿಯವರೆಲ್ಲ ಕೆಲಸ ಬಿಟ್ಟು ಅವಳ ಮುಂದೆ ಸೇರಿದರು. ನಾನೂ ನೋಡಿದೆ. ಚೆಂದ ಇದ್ದಾಳೆ ಅನ್ನಿಸಿತು, ಬೇರೇನೂ ಅನ್ನಿಸಲಿಲ್ಲ. ಮನೆಗೆ ಬಂದು ಅತ್ತೆಗೆ ಹೇಳಿದೆ.

"ನಮ್ಮತ್ತಿಗೂ ಗೊತ್ತಿರಲಿಲ್ಲ ನೋಡು," ಅಂದು ಅವರು ಗೋಡೆಯ ಕಡೆ ಹೊರಳಿ ಮಲಗಿದರು.

ಆಮೇಲೆ ಅತ್ತೆ ಮಧ್ಯಾಹ್ನ ಊಟವಾದ ಮೇಲೆ ಅಲ್ಲಿಗೆ ಹೋಗಿ ತಮ್ಮ ಕಂಬಕ್ಕೆ ಒರಗಿ ಕೂರುತ್ತಿದ್ದರು. ಕಾವಲಿಗೆ ಬಂದವನು ನಮ್ಮ ಓಣಿಯವನೇ. ಸಂಜೆಯಾದರೆ, "ಎವ್ವಾ, ಗೇಟ್ ಹಾಕತೇನ್ರಿ," ಅನ್ನುತ್ತಿದ್ದ. ಅತ್ತೆ ಎದ್ದು ಬರುತ್ತಿದ್ದರು. ಒಮ್ಮೆ ಕೂತಲ್ಲೇ ನಿದ್ದೆ ಹೋಗಿದ್ದರಂತೆ. ಅವನು ಎಬ್ಬಿಸಲು ನಾಚಿ ನನ್ನನ್ನು ಕರೆಯಲು ಬಂದ.

ಮುಂದಿನ ಚಳಿಗಾಲದಲ್ಲಿ ಅವರು ತೀರಿಕೊಂಡರು. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಗೋಡೆಗೆ ಆನಿಸಿ ಕೂರಿಸುತ್ತಾರೆ. ಗಂಡನ ಮನೆತನದ ಹಿರಿಯರನ್ನೆಲ್ಲ ಕೂರಿಸಿದ್ದು ಗುಡಿಯ ಆ ಕಂಬಕ್ಕೇ. ಅಲ್ಲೇ ಕೂರಿಸಬಹುದೇ ಎಂದು ಗಂಡ ಕಾವಲುಗಾರನನ್ನು ಕೇಳಿಬಂದರು.

"ಏನಂದ?" ಎಂದೆ.

"ಅಳಾಕ ಹತ್ತಿದ. ಆಗಂಗಿಲ್ಲ ಅಂದ."

ಇಟ್ಟಂಗಿ ಗೋಡೆಗೆ ಆನಿಸಿ ಕೂರಿಸಿದೆವು. ಹಿಂದಿನ ವಾರವಷ್ಟೇ ಸುಣ್ಣ ಬಳಿದಿದ್ದೆ, ಅದು ಅವರ ಹೆಗಲ ಸೀರೆಗೆ ಹತ್ತಿತ್ತು. ಭಜನೆಯವರು ಬರುವುದರೊಳಗೆ ಒದ್ದೆ ಬಟ್ಟೆಯಿಂದ ಒರೆಸಿದೆ.