ಮೊದಲ ಏಡಿ ಬಿಟ್ಟ ಕೈ

ಎಪ್ಪತ್ತರ ದಶಕದಲ್ಲಿ ನಾನು ಎರ್ನಾಕುಲಂನ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದೆ. ನಮ್ಮ ಬಾಡಿಗೆ ಮನೆಯ ಹಿಂದೆ ಏಡಿ ಸಾಕುವವರೊಬ್ಬರ ಕೆರೆಯಿತ್ತು. ಉಟ್ಟ ಮುಂಡು ಪಂಚೆಯನ್ನು ಎತ್ತಿ ಕಟ್ಟಿ, ಕೆಸರಿನಲ್ಲಿ ನಿಂತು, ಅವರು ದೋಣಿಗೂ ನಾಯಿಗೂ ಏಡಿಗೂ ಒಂದೇ ಮಾತು ಹೇಳುತ್ತಿದ್ದರು: "ಪೇಡಿಕ್ಕಂಡ!" ಹೆದರಬೇಡ ಎಂದು.

ಒಂದು ವರ್ಷ ಮರಿಗಳ ಬುಟ್ಟಿ ಬಂದಾಗ ನನ್ನನ್ನು ಕರೆದರು. ಮೊದಲ ಮರಿಯನ್ನು ಹೊರಗಿನವರು ನೀರಿಗೆ ಬಿಟ್ಟರೆ ಉಳಿದವೆಲ್ಲ ಬದುಕುತ್ತವೆ ಎಂಬುದು ಅವರ ನಂಬಿಕೆ. ಒಂದನ್ನೊಂದು ಕಚ್ಚದಂತೆ ಮರಿಗಳ ಇಕ್ಕುಳದಂಥ ಮುಂಗಾಲುಗಳನ್ನು ನಾರಿನಿಂದ ಕಟ್ಟಿದ್ದರು. ಬಿಡುವಾಗ ಅದನ್ನು ಕತ್ತರಿಸಬೇಕು. ಸಸ್ಯಾಹಾರಿಯಾದ ನಾನು ಅದುವರೆಗೆ ಏಡಿಯನ್ನು ಮುಟ್ಟಿದವನೇ ಅಲ್ಲ. ಕಣ್ಣು ಮುಚ್ಚಿ, ಕಟ್ಟಿದ ಹಾಗೆಯೇ ಎಸೆದುಬಿಟ್ಟೆ.

"ನಾರು ಕತ್ತರಿಸಿದಿರಲ್ಲ ಸಾರೇ?"

"ಓ, ಕತ್ತರಿಸಿದೆ," ಎಂದೆ.

ಆ ಮರಿ ಉಳಿದವುಗಳ ಬಾಯಿಗೆ ಬೀಳುವುದು ಖಂಡಿತ ಎನಿಸಿ ನನಗೆ ಅನ್ನ ರುಚಿಸಲಿಲ್ಲ. ಕೆರೆಯ ಕಡೆಯ ಕಿಟಕಿಯನ್ನೂ ತೆರೆಯಲಿಲ್ಲ.

ಎಂಟನೆಯ ದಿನ ಅವರೇ ಬಂದು ಅಂಗೈ ಚಾಚಿದರು. ಅದರಲ್ಲಿ ಪುಟ್ಟ ಖಾಲಿ ಚಿಪ್ಪು. ಮುಂಗಾಲುಗಳ ಮೇಲೆ ನಾರಿನ ಗಂಟು ಹಾಗೆಯೇ ಇತ್ತು. ಬೆಳೆಯುವ ಏಡಿ ಹಳೆಯ ಚಿಪ್ಪನ್ನು ಕಳಚಿಟ್ಟು ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ.

"ನೀವು ಕಟ್ಟಿದ ಹಾಗೆಯೇ ಬಿಟ್ಟಿದ್ದೀರಿ. ಅದು ಅಂಗಿ ಬಿಚ್ಚಿಟ್ಟು ಓಡಿದೆ ಸಾರೇ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ತಪ್ಪಾಯಿತು ಎನ್ನಲು ಆಗ ಬಾಯಿ ಬರಲಿಲ್ಲ, ಈಗ ಬರೆಯುತ್ತಿದ್ದೇನೆ. ಮರುವರ್ಷವೂ ಅವರು ಮೊದಲ ಮರಿಯನ್ನು ನನ್ನ ಕೈಗೇ ಕೊಟ್ಟರು. "ಪೇಡಿಕ್ಕಂಡ ಸಾರೇ!" ಕಣ್ಣು ತೆರೆದುಕೊಂಡೇ ನಾರು ಕತ್ತರಿಸಿದೆ. ಬೆರಳು ಕಚ್ಚಿಸಿಕೊಂಡು ನಾನು ಕುಣಿದಾಗ ಇಬ್ಬರೂ ನಕ್ಕಿದ್ದೇ ನಕ್ಕಿದ್ದು.