ನನ್ನ ವೆಬ್‌ಸೈಟಿನಲ್ಲಿ ತೀರಿಹೋದ ರಂಗಪ್ಪ

ಕಡೂರಿನ ಪಶು ಆಸ್ಪತ್ರೆಯ ಕೆಲಸದಲ್ಲಿ ಕಂಡದ್ದನ್ನೆಲ್ಲ ನನ್ನದೇ ಒಂದು ವೆಬ್‌ಸೈಟಿನಲ್ಲಿ ಬರೆಯುತ್ತೇನೆ. ಓದುವವರು ಇಲ್ಲವೆಂದೇ ಹೇಳಬೇಕು. ಎಮ್ಮೆದೊಡ್ಡಿ ಕಾವಲಿನಲ್ಲಿ ದನ ಕಾಯುತ್ತಿದ್ದ ರಂಗಪ್ಪ ತೀರಿಕೊಂಡರೆಂದು ಯಾರೋ ಹೇಳಿದಾಗ, ಒಂದೊಂದು ಹಸುವನ್ನೂ ಹೆಸರು ಹಿಡಿದು ಕರೆಯುತ್ತಿದ್ದ ಅವರ ಬಗ್ಗೆ ಮನಸಾರೆ ಬರೆದಿದ್ದೆ. ಎರಡು ವರ್ಷ ಅದರ ಕೆಳಗೆ ಒಂದು ಮಾತೂ ಬೀಳಲಿಲ್ಲ. ಹೋದ ತಿಂಗಳು ಮೊದಲ ಕಾಮೆಂಟ್ ಬಂತು: 'ನಾನು ಸತ್ತಿಲ್ಲ ಕಣ್ರೀ. ತರೀಕೆರೇಲಿ ಮಗಳ ಮನೇಲಿದೀನಿ. ರಂಗಪ್ಪ.' ಜೊತೆಗೆ ಫೋನ್ ನಂಬರ್.

ಆ ನಂಬರಿಗೆ ಫೋನ್ ಮಾಡಿ ವಿಳಾಸ ಕೇಳಿಕೊಂಡು ಮಾರನೇ ದಿನವೇ ತರೀಕೆರೆಯ ಬಸ್ ಹತ್ತಿದೆ. ರಂಗಪ್ಪ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.

"ತಪ್ಪಾಯ್ತು, ಇವತ್ತೇ ತಿದ್ದುತೀನಿ" ಅಂದೆ.

"ಅದಿರಲಿ ಡಾಕ್ಟ್ರೇ, ಮಗಳು ಓದಿ ಹೇಳಿದ್ಲು, ಚೆನ್ನಾಗೇ ಬರ್ದಿದೀರಿ. ಓದಿದೋರು ಏನಂದ್ರು?"

"ಯಾರೂ ಏನೂ ಅನ್ನಲಿಲ್ಲ."

"ಸತ್ತು ಎರಡು ವರ್ಷ ಆಯ್ತು, ಅಯ್ಯೋ ಅಂತ ಒಬ್ರೂ ಅನ್ಲಿಲ್ವಾ?"

"ನಾನು ಬರೆಯೋದನ್ನ ಯಾರೂ ಓದಲ್ಲ ರಂಗಪ್ಪನೋರೆ."

"ಪಾಪ" ಅಂದರು. ಆಮೇಲೆ ಮೆಲ್ಲಗೆ, "ಮತ್ಯಾಕೆ ಬರೀತೀರಿ?"

ಮಗಳು ತಂದುಕೊಟ್ಟ ಕಾಫಿಯನ್ನು ಇಬ್ಬರೂ ಕುಡಿದೆವು.

ಕಡೂರಿಗೆ ಮರಳಿ ಬರಹವನ್ನು ತಿದ್ದಿದೆ. ಈಗ ಪ್ರತಿ ಭಾನುವಾರ ಅವರೇ ಫೋನ್ ಮಾಡುತ್ತಾರೆ.

"ಯಾರಾದ್ರೂ ನನ್ನ ವಿಚಾರಿಸಿದ್ರಾ?"

"ಹೇಗಿದಾರೆ ಅಂತ ಒಬ್ರು ಕೇಳಿದ್ರು" ಅನ್ನುತ್ತೇನೆ.

ಪೂರ್ತಿ ಸುಳ್ಳೇನಲ್ಲ. ಆ ಒಬ್ಬ ನಾನೇ.